ಎರಡು ಸಲ ಬಾರದ ದಡಾರ

ಆ ವರ್ಷ ವಸಂತದ ಕೊನೆಯಲ್ಲಿ ಗೋಸಾವಿಕ್ ಊರಿನಲ್ಲಿ ಎದ್ದು ಓಡಾಡುತ್ತಿದ್ದವರು ನಾಲ್ಕಾರು ಮುದುಕರು ಮಾತ್ರ. ಮಿಕ್ಕವರೆಲ್ಲ, ಹಾಲು ಕುಡಿಯುವ ಕೂಸುಗಳಿಂದ ಹಿಡಿದು ಹಗ್ಗ ಕಟ್ಟಿಕೊಂಡು ಕಡಲ ಬಂಡೆಗಳಲ್ಲಿ ಹಕ್ಕಿ ಹಿಡಿಯುವ ಗಟ್ಟಿ ಗಂಡಸರವರೆಗೆ, ಬೆಳಕಿಂಡಿಗೆ ಕಂಬಳಿ ಇಳಿಬಿಟ್ಟು ಕತ್ತಲಲ್ಲಿ ಬಿದ್ದಿದ್ದರು. ಪಕ್ಕದ ಕೊಲ್ಲಿಗೆ ತಿಮಿಂಗಿಲದ ಹಿಂಡು ನುಗ್ಗಿದಾಗ ಊರಿಗೆ ಊರೇ ಬೇಟೆಗೆ ಹೋಗಿತ್ತು. ಅಲ್ಲಿ ಒಂದು ದೋಣಿಯಲ್ಲಿ ರಾಜಧಾನಿ ಟೋರ್ಶಾವ್ನ್ ಕಡೆಯವನೊಬ್ಬ ಕೆಮ್ಮುತ್ತ ಕೂತಿದ್ದನಂತೆ. ಮಾಂಸ ಹಂಚಿಕೊಂಡು ಬಂದು, ಅದನ್ನು ಒಣಹಾಕಿ, ಎಲ್ಲರೂ ನೆಮ್ಮದಿಯಾಗಿದ್ದ ಹೊತ್ತಿನಲ್ಲಿ ದಡಾರ ಎಲ್ಲ ಮನೆಗಳಿಗೂ ಒಟ್ಟಿಗೇ ಹೊಕ್ಕಿತು.

ಉತ್ತರದ ಕಡಲಿನ ಈ ಫಾರೋ ದ್ವೀಪಗಳಿಗೆ ಈ ಕಾಯಿಲೆ ಹಿಂದೆ ಬಂದಿದ್ದು ಒಮ್ಮೆಯೇ, ಸುನ್ನೆವಾ ಎಂಟು ವರ್ಷದ ಹುಡುಗಿಯಾಗಿದ್ದಾಗ. ಆಮೇಲೆ ಎರಡು ತಲೆಮಾರು ಅದರ ಮುಖ ಕಂಡಿರಲಿಲ್ಲ. ಈಗ ಸುನ್ನೆವಾಗೆ ಎಪ್ಪತ್ತು ದಾಟಿತ್ತು. ಮದುವೆಯಾಗದೆ ತಮ್ಮ ಜಕಾರಿಸ್‌ನ ಮನೆಯಲ್ಲೇ ಉಳಿದವಳು. ಅವನ ಹೆಂಡತಿ ತೀರಿಕೊಂಡ ಮೇಲೆ ಮಗ ಹಾನುಸ್‌ನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳೂ ಅವಳೇ. ಈಗ ಹಾನುಸ್, ಅವನ ಹೆಂಡತಿ ಬಿಲ್ಲಾ, ಅವರ ಇಬ್ಬರು ಮಕ್ಕಳು, ಎಲ್ಲರೂ ಒಲೆ ಉರಿಯುವ ನಡುಮನೆಯಾದ ಹೊಗೆಕೋಣೆಯಲ್ಲಿ ಸಾಲಾಗಿ ಮಲಗಿ ನರಳುತ್ತಿದ್ದರು. ಸುನ್ನೆವಾ ಮತ್ತು ಜಕಾರಿಸ್ ಇಬ್ಬರೇ ಬೆಳಗಾಗುತ್ತಲೇ ಎದ್ದು ಊರಿನ ಹಸುಗಳನ್ನೆಲ್ಲ ಕರೆದು, ಹಾಲಿನ ಕೊಳಗ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಯಾವ ಬಾಗಿಲು ತಟ್ಟಿದರೂ ಒಳಗಿನಿಂದ ಮಾತು ಬರುತ್ತಿರಲಿಲ್ಲ. ಕತ್ತಲಲ್ಲಿ ಕೈಯೊಂದು ಚಾಚಿ ಬಟ್ಟಲು ತೆಗೆದುಕೊಳ್ಳುತ್ತಿತ್ತು, ಯಾರ ಕೈಯೆಂದು ತಿಳಿಯುತ್ತಿರಲಿಲ್ಲ. ದೋಣಿಗಳು ಮಗುಚಿದಂತೆಯೇ ಇದ್ದವು. ಎಷ್ಟೋ ಹೊತ್ತು ಊರಿನಲ್ಲಿ ತನ್ನ ಹೆಜ್ಜೆಯ ಸಪ್ಪಳ ಬಿಟ್ಟರೆ ಸುನ್ನೆವಾಗೆ ಬೇರೇನೂ ಕೇಳುತ್ತಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಜಕಾರಿಸ್ ಕೊಳಗ ಕೆಳಗಿಟ್ಟು, ಅಂಗೈಯಿಂದ ಕಣ್ಣೊತ್ತಿಕೊಂಡು ಒಲೆಯ ಪಕ್ಕ ಕೂತ.

“ಅಕ್ಕಾ, ಈ ಹೊಗೆಗೆ ನನ್ ಕಣ್ಣು ಯಾವತ್ತೂ ಹಿಂಗೆ ಉರಿದಿರ್ಲಿಲ್ಲ,” ಎಂದ.

ದಣಿವಿರಬೇಕು ಎಂದುಕೊಂಡಳು ಸುನ್ನೆವಾ. ಮರುದಿನ ಅವನ ಕಿವಿಯ ಹಿಂದೆ ಕೆಂಪು ಚುಕ್ಕೆಗಳು ಎದ್ದವು, ಸಂಜೆಯೊಳಗೆ ಮುಖವೆಲ್ಲ ಹರಡಿಕೊಂಡವು. ಅವಳಿಗೆ ಆಗ ಏನೂ ಹೊಳೆಯಲಿಲ್ಲ. ಮಲಗಿದವರ ಸಾಲಿಗೆ ಇನ್ನೊಂದು ಹಾಸಿಗೆ ಸೇರಿತು, ಹಾಲು ಹೊರಲು ಎರಡು ಕೈ ಕಡಿಮೆಯಾದವು, ಅಷ್ಟೇ ಅವಳ ಚಿಂತೆ.

ಊರು ಮೆಲ್ಲಗೆ ಚೇತರಿಸಿಕೊಂಡಿತು. ಇಬ್ಬರು ಸತ್ತರು, ಒಂದು ಕೂಸು ಮತ್ತು ಒಬ್ಬ ಬಾಣಂತಿ. ಕುರಿಗಳ ಉಣ್ಣೆ ಕೀಳುವ ಕಾಲಕ್ಕೆ ಉಳಿದವರೆಲ್ಲ ಕೋಲೂರಿಕೊಂಡಾದರೂ ಹೊರಗೆ ಬಂದರು. ಆಗಲೇ ದ್ವೀಪಗಳನ್ನು ಆಳುತ್ತಿದ್ದ ಡೇನಿಶ್ ಸರ್ಕಾರದ ವೈದ್ಯ ಬಂದಿದ್ದು. ವಿಂಥರ್ ಎಂದು ಹೆಸರು. ಇನ್ನೂ ಮೀಸೆ ಸರಿಯಾಗಿ ಬಲಿಯದ ತರುಣ. ಕಡಲ ಪಯಣದಿಂದ ಮುಖ ಬಿಳುಚಿಹೋಗಿತ್ತು. ಅವನ ಜೊತೆಗೆ ಮಾತು ತಿರುಗಿಸಿ ಹೇಳಲು ಟೋರ್ಶಾವ್ನ್‌ನ ಗ್ರೆಗೋರಿಸ್ ಎಂಬವನಿದ್ದ. ಔಷಧಿ ಸಿಗುತ್ತದೆಂದು ಹೆಂಗಸರು ಅಂಗಳದಲ್ಲಿ ನೆರೆದರೆ, ಗ್ರೆಗೋರಿಸ್ ನಕ್ಕು, ಈ ಮಹರಾಯರಿಗೆ ಔಷಧಿ ಕೊಡೋದಕ್ಕಿಂತ ಪ್ರಶ್ನೆ ಕೇಳೋದರಲ್ಲೇ ಆಸೆ ಜಾಸ್ತಿ ಎಂದ. ಈ ದ್ವೀಪಗಳಲ್ಲಿ ದಡಾರ ಎಷ್ಟು ಜನರನ್ನು ಹಿಡಿಯಿತು, ಯಾರನ್ನು ಬಿಟ್ಟಿತು, ಒಂದೂ ಮನೆ ಬಿಡದೆ ತಿಳಿದುಕೊಂಡು ಬರಬೇಕೆಂದು ಮೇಲಿನವರ ಅಪ್ಪಣೆಯಂತೆ. ಊರಿಂದೂರಿಗೆ ದೋಣಿಯಲ್ಲಿ ಹೋಗಿ, ಮಲಗಿದವರು ಯಾರು, ಮಲಗದವರು ಯಾರು, ಯಾರ ವಯಸ್ಸೆಷ್ಟು ಎಂದು ಕೇಳುವುದೇ ಅವನ ಕೆಲಸ.

ಜಕಾರಿಸ್‌ನ ಮನೆಗೆ ಬಂದಾಗ ಎಲ್ಲರೂ ಹೊಗೆಕೋಣೆಯಲ್ಲಿದ್ದರು. ಜಕಾರಿಸ್ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಸುನ್ನೆವಾ ತಾನು ಮಲಗಲಿಲ್ಲವೆಂದಳು, ಚಿಕ್ಕಂದಿನಲ್ಲೇ ತನಗೆ ಬಂದುಹೋಗಿತ್ತೆಂದಳು. ವೈದ್ಯ ತಲೆಯಾಡಿಸಿದ.

“ಎಲ್ಲಾ ಊರಲ್ಲೂ ಇದೇ ಕಥೆ ಅಜ್ಜಿ,” ಎಂದ ಗ್ರೆಗೋರಿಸ್. “ಆವಾಗ ಒಂದ್ಸಲ ಬಂದೋರನ್ನ ಈಗ ಅದು ಮುಟ್ಟೇ ಇಲ್ಲ. ಒಬ್ಬರನ್ನೂ ಮುಟ್ಟಿಲ್ಲ. ಆವಾಗ ತಪ್ಪಿಸ್ಕೊಂಡಿದ್ದ ಮುದುಕ್ರನ್ನ ಮಾತ್ರ ಹುಡುಕ್ಕೊಂಡ್ ಬಂದು ಹಿಡ್ಕೊಂಡಿದೆ.”

“ಹಂಗಾದ್ರೆ ನನ್ನ ಬೇರೆಯಾಗೇ ಬರ್ಕೊಳ್ಳಿ,” ಎಂದ ಜಕಾರಿಸ್, ಹೆಮ್ಮೆಯಿಂದಲೇ. “ನಂಗೆ ಎರಡು ಸಲ ಬಂತು.”

ಗ್ರೆಗೋರಿಸ್ ಅದನ್ನು ಹೇಳಿದ್ದೇ ವೈದ್ಯ ತಲೆಯೆತ್ತಿದ. ಜಕಾರಿಸ್‌ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಅವನ ತೋಳಿನ ಚರ್ಮ ನೋಡಿದ. ದಡಾರ ಇಳಿದ ಮೇಲೆ ತೌಡಿನಂತೆ ಉದುರುವ ಪೊರೆ ಇನ್ನೂ ಅಲ್ಲಲ್ಲಿ ಅಂಟಿಕೊಂಡಿತ್ತು. ಈಗ ಬಂದದ್ದು ದಡಾರವೇ, ಸಂಶಯವಿಲ್ಲ. ಹಾಗಾದರೆ ಹಿಂದೆ ಬಂದದ್ದು ಬೇರೆ ಏನೋ ಇರಬೇಕು. ಅದನ್ನು ಕಣ್ಣಾರೆ ಕಂಡವರು ಯಾರಿದ್ದಾರೆ ಎಂದು ಕೇಳಿದ.

ಕಂಡವಳು ಸುನ್ನೆವಾ ಒಬ್ಬಳೇ. ಅವಳು ಹೇಳಿದಳು: ತಮ್ಮನಿಗಾಗ ಐದು ವರ್ಷ. ಇಬ್ಬರಿಗೂ ಒಂದೇ ದಿನ ಜ್ವರ ಬಂತು. ಒಂದೇ ಹಾಸಿಗೆಯಲ್ಲಿ ಒಂದೇ ಕಂಬಳಿಯಡಿ ಮಲಗಿದ್ದರು. ಅವನ ಕೆನ್ನೆಯ ಮೇಲೆ ಬೆರಳಿಟ್ಟು ಒತ್ತಿದರೆ ಕೆಂಪು ಮಾಯವಾಗಿ, ಬಿಟ್ಟರೆ ಮತ್ತೆ ಮೂಡುತ್ತಿತ್ತು. ಅದೇ ಅವರಿಗೆ ಆಟವಾಗಿತ್ತು. ಹೇಳುತ್ತ ಹೇಳುತ್ತ, ಈ ಮಾತು ತನ್ನನ್ನು ಎಲ್ಲಿಗೆ ಕರೆದೊಯ್ಯುತ್ತಿದೆಯೆಂದು ಅವಳಿಗೆ ಹೊಳೆಯಿತು. ಆದರೆ ಅಷ್ಟು ಹೊತ್ತಿಗೆ ಹೇಳಿ ಮುಗಿದಿತ್ತು.

ವೈದ್ಯ ಏನೋ ಕೇಳಿದ. ಗ್ರೆಗೋರಿಸ್ ಅದನ್ನು ತಿರುಗಿಸಿ ಹೇಳದೆ ಸುಮ್ಮನಾದ.

“ಏನಂದ್ರು?” ಎಂದ ಹಾನುಸ್.

“ಏನಿಲ್ಲ. ಆವಾಗ ಮಲಗಿದ್ದ ಹುಡುಗ ಬೇರೆ ಯಾರಾದ್ರೂ ಇರ್ಬೋದಾ ಅಂತ.”

ಬಿಲ್ಲಾ ಎದ್ದುಬಂದು, ಹೊತ್ತಾಯಿತು ಎನ್ನುತ್ತ ಮಗಳನ್ನು ಮಾವನ ತೊಡೆಯಿಂದ ಎತ್ತಿಕೊಂಡಳು. ವೈದ್ಯನಿಗೆ ಇದೊಂದೂ ಕಾಣಲಿಲ್ಲ. ಮುದುಕರ ನೆನಪು ಕಲಸಿಹೋಗುತ್ತದೆ ಎಂದು ಗ್ರೆಗೋರಿಸ್‌ಗೆ ಹೇಳಿ, ಬಗ್ಗಿ ಬಾಗಿಲು ದಾಟಿ ಪಕ್ಕದ ಮನೆಗೆ ಹೋದ.

ಸುನ್ನೆವಾಳ ನೆನಪು ಕಲಸಿಹೋಗಿರಲಿಲ್ಲ. ಆ ಜ್ವರ ಬಿಟ್ಟ ಮೇಲೆ ತನ್ನ ಕಣ್ಣಿಗೆ ಮಾತ್ರ ಬಿದ್ದದ್ದನ್ನು ಅವಳು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಅಮ್ಮ ಮೇಲಿನ ಹುಲ್ಲುಗಾವಲಿಗೆ ಒಲೆಗೆ ಉರುವಲಾಗುವ ಜೌಗುಮಣ್ಣಿನ ಹೆಂಟೆ ಕಡಿಯಲು ಹೋದವಳು, ಬಿಸಿಲು ಬೀಳಲಿ ಎಂದು ಹುಡುಗನನ್ನು ಜೊತೆಗೆ ಕರೆದೊಯ್ದು ದೊಡ್ಡ ಬೂದುಬಂಡೆಯ ಬುಡದಲ್ಲಿ ಕೂರಿಸಿದ್ದಳು. ಮಂಜು ಇಳಿಯಿತು, ಹುಡುಗ ಕಾಣೆಯಾದ. ಊರೆಲ್ಲ ಹುಡುಕಿತು. ಎರಡು ದಿನ ಎಡೆಬಿಡದೆ ಮಳೆ ಸುರಿದು ನಿಂತ ಮೇಲೆ ಅದೇ ಬಂಡೆಯ ಬುಡದಲ್ಲಿ ಹುಡುಗ ಕೂತಿದ್ದ. ಅವನ ಬಟ್ಟೆ ಒಂದಿಷ್ಟೂ ನೆನೆದಿರಲಿಲ್ಲ. ಅಮ್ಮ ಓಡಿಹೋಗಿ ಎತ್ತಿಕೊಂಡಳು, ಎದೆಗವಚಿಕೊಂಡಳು, ನೆತ್ತಿಯನ್ನು ಮೂಸಿದಳು. ಆಮೇಲೆ ಮೆಲ್ಲಗೆ ಅವನನ್ನು ನೆಲಕ್ಕಿಳಿಸಿದಳು. ಸುನ್ನೆವಾ ಪಕ್ಕದಲ್ಲೇ ನಿಂತು ನೋಡಿದ್ದಳು. ಅಮ್ಮ ಆ ಹುಡುಗನಿಗೆ ಊಟ ಬಟ್ಟೆಯಲ್ಲಿ ಯಾವತ್ತೂ ಕಡಿಮೆ ಮಾಡಲಿಲ್ಲ, ಬೈಯಲೂ ಇಲ್ಲ. ಆದರೆ ಸಾಯುವ ತನಕ ಅವನ ನೆತ್ತಿಯನ್ನು ಮತ್ತೆ ಮೂಸಲಿಲ್ಲ.

ಗುಡ್ಡದೊಳಗಿನ ಜನರ ವಿಷಯ ಆ ಊರಿನಲ್ಲಿ ಯಾರೂ ಗಟ್ಟಿಯಾಗಿ ಆಡುವವರಲ್ಲ. ಅವರಿಗೂ ನಮ್ಮ ಹಾಗೆ ಕುರಿ, ದೋಣಿ, ಮಕ್ಕಳು ಎಲ್ಲ ಉಂಟು. ಬೂದುಬಣ್ಣದ ಬಟ್ಟೆ ಉಡುತ್ತಾರೆ. ನಮ್ಮ ಮಗುವನ್ನು ಒಯ್ದು ತಮ್ಮ ಮಗುವನ್ನು ಬಿಡುವುದುಂಟು. ಇಷ್ಟನ್ನು ಎಲ್ಲರೂ ಬಲ್ಲರು. ಈಗ ವೈದ್ಯ ಕೇಳಿದ ಪ್ರಶ್ನೆ ಸಂಜೆಯೊಳಗೆ ಊರನ್ನೆಲ್ಲ ಸುತ್ತಿಬಂತು. ಜಕಾರಿಸ್‌ಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ಅರವತ್ತು ವರ್ಷ ಅವರ ನಡುವೆ ಬದುಕಿದವನು. ಮಂಜಿನಲ್ಲಿ ಕುರಿ ಎಲ್ಲಿ ನಿಂತಿದೆಯೆಂದು ಕೂತಲ್ಲಿಂದಲೇ ಹೇಳುತ್ತಿದ್ದವನು, ಅವನ ಕೈಯಲ್ಲಿ ಒಂದು ಮರಿಯೂ ಕಳೆದದ್ದಿಲ್ಲ. ಇದನ್ನೇ ಇಷ್ಟು ದಿನ ಅದೃಷ್ಟವೆನ್ನುತ್ತಿದ್ದವರು ಈಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ದಾರಿಯಲ್ಲಿ ಬಂದರೆ ಹೆಂಗಸರು ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ದೋಣಿಯಲ್ಲಿ ಅವನ ಪಕ್ಕದ ಹಲಗೆ ಖಾಲಿ ಉಳಿಯುತ್ತಿತ್ತು.

ಹಾನುಸ್ ಮಾತ್ರ ಅದನ್ನು ನಗೆಗೆ ಹಾಕಲು ನೋಡಿದ. ಒಂದು ಬೆಳಗ್ಗೆ ಉಣ್ಣೆ ಬಿಡಿಸುತ್ತ ಕೂತವನು, “ಅತ್ತೆ, ಹಂಗಾದ್ರೆ ನಾನೇನು ಅರ್ಧ ಗುಡ್ಡದವನಾ? ಯಾವ ಅರ್ಧ ಹೇಳು, ಆ ಕಡೆಗೆ ಕೆಲಸ ಕಮ್ಮಿ ಕೊಡ್ತೀನಿ,” ಎಂದ. ಸುನ್ನೆವಾ ನಗಲಿಲ್ಲ. ಅವನೂ ನಗು ನಿಲ್ಲಿಸಿ ಕೈ ಒರೆಸಿಕೊಂಡು ಎದ್ದುಹೋದ.

ಜಕಾರಿಸ್ ತಾನಾಗಿ ಏನನ್ನೂ ಕೇಳಲಿಲ್ಲ. ಮಾಂಸ ಒಣಹಾಕುವ ಗೂಡಿನಲ್ಲಿ ಸುನ್ನೆವಾ ಒಬ್ಬಳೇ ಇದ್ದಾಗ ಒಂದು ಮಧ್ಯಾಹ್ನ ಒಳಗೆ ಬಂದ. ಹಲಗೆಗಳ ಸಂದಿನಿಂದ ಗಾಳಿ ಸಿಳ್ಳು ಹಾಕುತ್ತಿತ್ತು. ಅವನು ತೂಗುಹಾಕಿದ ಕುರಿಯ ತೊಡೆಯನ್ನು ಹಿಡಿದು ಅಲ್ಲಾಡದಂತೆ ನಿಲ್ಲಿಸಿದ.

“ಆ ಬಂಡೆಗಿಂತ ಮುಂಚಿಂದು ನಂಗೆ ಏನೂ ನೆನಪಿಲ್ಲ ಅಕ್ಕ. ಜ್ವರ ಬಂದಿದ್ದು, ನಿನ್ ಜೊತೆ ಮಲಗಿದ್ದು, ಅದೆಲ್ಲ ನೀನು ಹೇಳಿದ್ದು. ನೀನು ಹೇಳ್ದೆ ಅಂತ ನಾನೂ ಹೇಳ್ತಾ ಬಂದೆ.”

“ಐದು ವರ್ಷದ್ದು ಯಾರಿಗೆ ನೆನಪಿರತ್ತೆ?”

“ನಿಂಗೊತ್ತಿತ್ತಾ?”

ಅವಳು ಕತ್ತಿ ಕೆಳಗಿಟ್ಟಳು. ಗೊತ್ತಿರಲಿಲ್ಲ ಎಂದರೆ ಸುಳ್ಳು, ಗೊತ್ತಿತ್ತು ಎಂದರೂ ಸುಳ್ಳೇ. ಅಮ್ಮ ಅವನನ್ನು ನೆಲಕ್ಕಿಳಿಸಿದ್ದನ್ನು ಕಂಡಿದ್ದೆನೆಂದಷ್ಟೇ ಹೇಳಿದಳು.

ಜಕಾರಿಸ್ ತೂಗುತ್ತಿದ್ದ ಮಾಂಸವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ, “ನಿನ್ ಜೊತೆ ಮಲಗಿದ್ದ ಹುಡುಗ ಗುಡ್ಡದಲ್ಲೇ ಎಲ್ಲೋ ಇದ್ರೆ, ಅವನು ನಿಂಗೆ ವಾಪಸ್ ಬೇಕಾ?” ಎಂದ.

ಬೇಡ, ನನಗೆ ತಮ್ಮ ನೀನೇ ಎಂಬ ಮಾತು ಅವಳ ಗಂಟಲಿನ ತನಕ ಬಂದಿತ್ತು. ಆದರೆ ಅದೇ ಗಳಿಗೆಯಲ್ಲಿ ಕಂಬಳಿಯಡಿಯ ಆ ಪುಟ್ಟ ಮುಖ, ಬೆರಳಿಗೆ ಮಾಯವಾಗಿ ಮತ್ತೆ ಮೂಡುವ ಕೆಂಪು, ಕಣ್ಣ ಮುಂದೆ ಬಂದು ನಿಂತವು. ಒಂದು ಉಸಿರಿನಷ್ಟು ಹೊತ್ತು ತಡವಾಯಿತು. ಜಕಾರಿಸ್ ತಲೆಯಾಡಿಸಿ, ತೊಡೆಯ ಮಾಂಸ ಇನ್ನೂ ಹಸಿಯಿದೆ, ಹಬ್ಬದ ತನಕ ಬೇಕು ಎಂದು ಹೇಳಿ ಹೊರಗೆ ಹೋದ. ಆ ಮಾತನ್ನು ಮತ್ತೆ ಎತ್ತಲೂ ಇಲ್ಲ.

ಶರತ್ಕಾಲ ಬಂತು. ಕುರಿಗಳನ್ನು ಗುಡ್ಡದಿಂದ ಕೆಳಗೆ ಅಟ್ಟಿಕೊಂಡು ಬರುವ ದಿನ ಗಂಡಸರೆಲ್ಲ ಹೊರಟರು. ಎಲ್ಲಕ್ಕಿಂತ ಮೇಲಿನ ಅಂಚಿಗೆ ಯಾವಾಗಲೂ ಜಕಾರಿಸ್‌ನೇ ಹೋಗುವುದು. ಹೊರಡುವಾಗ ಅವನು ಒಲೆಯ ಹತ್ತಿರ ನಿಂತು ಮೊಮ್ಮಕ್ಕಳನ್ನು ದೂರದಿಂದಲೇ ನೋಡಿದ. ಸುನ್ನೆವಾ ಹೆಣೆದಿದ್ದ ಕಂದು ಉಣ್ಣೆಯಂಗಿಯನ್ನು ತೊಟ್ಟುಕೊಂಡಿದ್ದ. ಹೋಗಿಬರುತ್ತೇನೆ ಎನ್ನಲಿಲ್ಲ. ಅವನು ಹಾಗೆ ಹೇಳಿ ಹೋಗುವವನೂ ಅಲ್ಲವಾದ್ದರಿಂದ ಅವಳು ಅದನ್ನು ಗಮನಿಸಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಆಮೇಲೆ ಹಾನುಸ್ ಹೇಳಿದ್ದು ಇಷ್ಟು: ಅವನು ಕೆಳಗಿನ ಅಂಚಿನಲ್ಲಿ ನಿಂತಿದ್ದ. ಮೇಲೆ ಮಂಜಿನೊಳಗೆ ಅಪ್ಪ ಯಾರ ಜೊತೆಗೋ ಮಾತಾಡುತ್ತಿರುವುದು ಕೇಳಿಸಿತು. ಮಾತು ತಿಳಿಯಲಿಲ್ಲ. ಒಬ್ಬ ಮಾತು ನಿಲ್ಲಿಸಿದರೆ ಇನ್ನೊಬ್ಬ ಮಾತಾಡುತ್ತಿದ್ದ, ಎರಡೂ ಅಪ್ಪನದೇ ದನಿ. ಹಾನುಸ್ ಕೂಗಿ ಕರೆದ. ದನಿಗಳು ಒಟ್ಟಿಗೇ ನಿಂತವು. ಅಷ್ಟರಲ್ಲಿ ಮೇಲಿನಿಂದ ಕುರಿಗಳೆಲ್ಲ ಯಾರೂ ಅಟ್ಟದೆಯೇ ಸಾಲುಗಟ್ಟಿಕೊಂಡು, ಸದ್ದಿಲ್ಲದೆ ಅವನ ಪಕ್ಕದಲ್ಲೇ ಹಾದು ದೊಡ್ಡಿಗೆ ಇಳಿದವು. ಮಂಜು ತುಸು ಸರಿದಾಗ ನೋಡಿದರೆ ಬೂದುಬಂಡೆಯ ಬುಡದಲ್ಲಿ ಅಪ್ಪ ಒಬ್ಬನೇ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಕೈ ಹಿಡಿದು ಎಬ್ಬಿಸಿದರೆ ಎದ್ದ. ಇಳಿಯುವಾಗ ದಾರಿಯುದ್ದಕ್ಕೂ ಎಡವುತ್ತ ಬಂದ.

ಬಾಗಿಲಲ್ಲಿ ಅವನನ್ನು ಕಂಡ ಸುನ್ನೆವಾ ಒಲೆಯ ಪಕ್ಕದಿಂದ ಎದ್ದಳು. ಅದೇ ಮುಖ, ಅದೇ ಬಿಳಿಗಡ್ಡ, ಅದೇ ಕಂದು ಅಂಗಿ. ಅವನು ಕೋಣೆಯನ್ನೆಲ್ಲ ನೋಡಿ, ಗುರುತು ಸಿಗದವನಂತೆ ಅವಳ ಮುಖವನ್ನೇ ಹುಡುಕಿದ.

“ಸುನ್ನಾ?” ಎಂದ. “ಅಮ್ಮ ಎಲ್ಲಿ?”

ಆ ಹೆಸರಿನಿಂದ ಅವಳನ್ನು ಕರೆಯುತ್ತಿದ್ದದ್ದು ಒಂದೇ ಒಂದು ಮಗು. ಬಂಡೆಯ ಬುಡದಿಂದ ಮನೆಗೆ ಬಂದ ಹುಡುಗ ಮೊದಲ ದಿನದಿಂದಲೂ ಅವಳನ್ನು ಅಕ್ಕ ಎಂದೇ ಕರೆದಿದ್ದ.

ಅವಳು ಅವನನ್ನು ಕೂರಿಸಿ, ಕೈಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಜಕಾರಿಸ್‌ನ ಅಂಗೈಗಳು ಜೀವಮಾನವೆಲ್ಲ ಹಗ್ಗ ಹಿಡಿದು, ಹುಟ್ಟು ಹಾಕಿ ತೊಗಲಿನಂತಾಗಿದ್ದವು. ಈ ಅಂಗೈಗಳು ಸುಕ್ಕುಗಟ್ಟಿದ್ದವು, ನಿಜ. ಆದರೆ ಕೂಸಿನ ಕೈಯಷ್ಟು ಮೆತ್ತಗಿದ್ದವು. ಒಂದು ಗೀರೂ ಇರಲಿಲ್ಲ. ಅವಳು ಬಗ್ಗಿ ಅವನ ನೆತ್ತಿಯನ್ನು ಮೂಸಿದಳು. ಆಮೇಲೆ ಆ ತಲೆಯನ್ನು ಎದೆಗವಚಿಕೊಂಡಳು.

“ಅಲ್ಲಿ ಯಾರಿದ್ರು ನಿನ್ ಜೊತೆ?” ಎಂದು ಕಿವಿಯಲ್ಲಿ ಕೇಳಿದಳು.

“ಒಬ್ಬ ತಾತ. ಹೋಗು ಅಂದ. ಅಕ್ಕ ಕಾಯ್ತಿದಾಳೆ, ಇನ್ನು ನಾನ್ ಇಲ್ಲಿರ್ತೀನಿ ಅಂದ. ಅವನ ಅಂಗಿ ನಂಗೆ ಹಾಕ್ದ.”

ಮಂಜಿನಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಮುದುಕನಿಗೆ ಮತಿ ಹೋಯಿತೆಂದು ಊರು ಹೇಳಿತು. ಹಾಗೆ ಹೇಳಿಕೊಂಡರೆ ಎಲ್ಲರಿಗೂ ಹಗುರವಾಗುತ್ತಿತ್ತು. ಅವನಿಗೆ ಚಾಕು ಹಿಡಿಯಲು ಬರುತ್ತಿರಲಿಲ್ಲ, ಮಾಂಸವನ್ನು ಸುನ್ನೆವಾ ಸಣ್ಣಗೆ ಹೆಚ್ಚಿಕೊಡಬೇಕಿತ್ತು. ಹಾನುಸ್ ಯಾರೆಂದು ಅವನಿಗೆ ತಿಳಿಯದು. ಹಾನುಸ್ ಹತ್ತಿರ ಬಂದರೆ ಅಕ್ಕನ ಲಂಗದ ಹಿಂದೆ ಅಡಗುತ್ತಿದ್ದ. ಹಾನುಸ್ ಅದನ್ನು ಕಂಡೂ ಕಾಣದಂತೆ ಇರಲು ಕಲಿತ. ಸೋಜಿಗವೆಂದರೆ, ಮಕ್ಕಳನ್ನು ಅವನೊಡನೆ ಬಿಡಲು ಬಿಲ್ಲಾಗೆ ಈಗ ಹೆದರಿಕೆಯಾಗಲಿಲ್ಲ. ಅವರ ಜೊತೆ ನೆಲದ ಮೇಲೆ ಚಿಪ್ಪುಗಳನ್ನು ಸಾಲಿಟ್ಟು, ಇದು ಹಸು, ಇದು ಕುರಿ ಎನ್ನುತ್ತ ಆಡುತ್ತಿದ್ದ. ಪ್ರತಿ ಸಂಜೆ ಅಮ್ಮ ಯಾವಾಗ ಬರುತ್ತಾಳೆಂದು ಕೇಳುತ್ತಿದ್ದ. ಸುನ್ನೆವಾ ಮೊದಮೊದಲು ಅಮ್ಮ ಹೆಂಟೆ ಕಡಿಯಲು ಹೋಗಿದ್ದಾಳೆ ಎನ್ನುತ್ತಿದ್ದಳು. ಆಮೇಲೆ ಏನೂ ಹೇಳದೆ ಬೆನ್ನು ತಟ್ಟಿ ಮಲಗಿಸುತ್ತಿದ್ದಳು.

ಅವಳು ಅವನನ್ನು ಚೆನ್ನಾಗಿಯೇ ನೋಡಿಕೊಂಡಳು. ಇವನೇ ಒಡಹುಟ್ಟಿದವನು ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ. ಆದರೂ ಹಾಲು ಕರೆಯುವಾಗ, ಒಲೆಗೆ ಹೆಂಟೆ ಹಾಕುವಾಗ, ಅವಳ ಕಿವಿ ಇನ್ನೊಬ್ಬನ ಹೆಜ್ಜೆಗೆ ಕಾಯುತ್ತಿತ್ತು. ಅವಳ ಜೊತೆ ಕೊಳಗ ಹೊತ್ತವನು, ಅವಳ ಹಲ್ಲುನೋವಿಗೆ ರಾಜಧಾನಿಯ ತನಕ ದೋಣಿಗೆ ಹುಟ್ಟು ಹಾಕಿದವನು, ಅಮ್ಮನ ಹೆಣಕ್ಕೆ ಹೆಗಲು ಕೊಟ್ಟವನು ಅವನು.

ಚಳಿ ಬಲಿಯುವ ಮುಂಚೆ ಅವಳು ಕೋಲೂರಿಕೊಂಡು ಬೂದುಬಂಡೆಯ ತನಕ ಹತ್ತಿದಳು. ಹಗಲಿನ ಬೆಳಕು ಚೆನ್ನಾಗಿಯೇ ಇತ್ತು, ಮಂಜಿರಲಿಲ್ಲ. ಬಂಡೆಗೆ ಬೆನ್ನು ಕೊಟ್ಟು ಕೂತು, ಈ ಸಲ ಕುರಿ ಚೆನ್ನಾಗಿ ಮೈ ತುಂಬಿವೆ, ಹಾನುಸ್‌ಗೆ ಬೆನ್ನುನೋವು, ಕೆಂದ ಹಸು ಗಬ್ಬವಾಗಿದೆ ಎಂದು ಮನೆಯ ಮಾತುಗಳನ್ನೆಲ್ಲ ಹೇಳಿದಳು. ಕೊನೆಗೆ, “ಆವತ್ತು ಮಾತು ತಡವಾಯ್ತು, ಅಷ್ಟೇ ಕಣೋ. ಬೇಡ ಅಂತಾನೇ ಹೇಳೋಳಿದ್ದೆ,” ಎಂದಳು.

ಇಳಿಜಾರಿನಲ್ಲಿ ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿ ಅವಳ ಬೆನ್ನ ಹಿಂದಿನ ಬಂಡೆಯತ್ತ ನೋಡುತ್ತ ನಿಂತವು. ಅವಳು ತಿರುಗಿ ನೋಡಲಿಲ್ಲ. ಕುರಿಗಳು ಮತ್ತೆ ಮೇಯತೊಡಗಿದ ಮೇಲೆ ಎದ್ದು, ಮನೆಯಲ್ಲಿ ಹುಡುಗ ಎದ್ದು ಅಳುತ್ತಿರಬಹುದೆಂದು ಇಳಿದು ಬಂದಳು.

ಮನೆಗೆ ಬಂದವನು ಎರಡು ಚಳಿಗಾಲ ಬದುಕಿದ. ಮೂರನೆಯದರ ಆರಂಭದಲ್ಲಿ ಎದೆಗೆ ಕಫ ಕಟ್ಟಿ, ಅಕ್ಕನ ಬೆರಳು ಹಿಡಿದುಕೊಂಡೇ ಹೋದ. ಪಾದ್ರಿ ಬಂದು ಜಕಾರಿಸ್ ಎಂಬ ಹೆಸರಿನಲ್ಲೇ ಮಣ್ಣು ಮಾಡಿದರು. ಸಮಾಧಿಯ ಹತ್ತಿರ ಸುನ್ನೆವಾ ಅತ್ತದ್ದು ಐದು ವರ್ಷದ ಕೂಸು ಹೋದಂತೆ. ಇಷ್ಟು ಮುದುಕನಿಗೆ ಇಷ್ಟೊಂದು ಅಳುವೇ ಎಂದು ಹೆಂಗಸರು ಪಿಸುಗುಟ್ಟಿದರು.

ಆ ವಾರವೇ ಅವಳು ಹೊಸ ಉಣ್ಣೆಯಂಗಿಯೊಂದನ್ನು ಹೆಣೆಯಲು ಕೂತಳು. ಹಾನುಸ್‌ಗೆ ಅದು ದೊಡ್ಡದಾಗುತ್ತದೆ, ಯಾರಿಗೆ ಇದು ಎಂದು ಬಿಲ್ಲಾ ಕೇಳಿದರೆ, ತೋಳಿನ ಉದ್ದ ಅಳೆಯುತ್ತ ಕೂತಳು. ಮುಗಿಸಿ ಗುಡ್ಡಕ್ಕೆ ಒಯ್ದು, ಬಂಡೆಯ ಬುಡದಲ್ಲಿ ಮಡಿಸಿಟ್ಟು ಬಂದಳು. ಹಿಮ ಕರಗಿದ ಮೇಲೆ ಹೋಗಿ ನೋಡಿದಾಗ ಅದು ಅಲ್ಲಿರಲಿಲ್ಲ. ಆ ಎತ್ತರದಲ್ಲಿ ಗಾಳಿ ಏನನ್ನೂ ಉಳಿಸುವುದಿಲ್ಲ, ಗಾಳಿಯೇ ಒಯ್ದಿರಬೇಕು ಎಂದಳು ಬಿಲ್ಲಾ. ಇರಬಹುದು ಎಂದಳು ಸುನ್ನೆವಾ. ಮತ್ತೆ ಉಣ್ಣೆ ತೆಗೆದುಕೊಂಡು, ಈ ಸಲ ಕುತ್ತಿಗೆಯ ಹತ್ತಿರ ಇನ್ನಷ್ಟು ಬಿಗಿಯಾಗಿ ಹೆಣೆಯಲು ಮೊದಲು ಮಾಡಿದಳು.